ತೆಳು ಗೆರೆ

ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕತ್ತರಿ ಅಕ್ಕ ಎನ್ನುತ್ತಿದ್ದರು. ಮಿಷನ್ನಿನ ಮುಂದೆ ಕೂತ ಹುಡುಗಿಯರಿಗೆ ಅವಳೆಂದರೆ ಸ್ವಲ್ಪ ಭಯ, ಬಹಳ ಅಕ್ಕರೆ. ಶಾಲೆಯ ಸಮವಸ್ತ್ರವಿರಲಿ, ಆಸ್ಪತ್ರೆಯ ಗೌನಿರಲಿ, ಮಾಸ್ಟರು ಚಾಕಿನಿಂದ ಗುರುತು ಹಾಕಬೇಕು, ಅವಳು ಕತ್ತರಿಸಬೇಕು. ಮಾಸ್ಟರಿಗೆ ವಯಸ್ಸಾಗಿತ್ತು, ಒಂದು ಮಾತಿಗೆ ನಿಲ್ಲುವ ಆಸಾಮಿಯೂ ಅಲ್ಲ. ಒಂದು ಗೆರೆ ಎಳೆದು, ಗೊಣಗಿ, ಅಂಗೈಯಿಂದ ಒರೆಸಿ, ಪಕ್ಕದಲ್ಲೇ ಇನ್ನೊಂದು ಎಳೆಯುತ್ತಿದ್ದರು. ಒರೆಸಿದ್ದು ಪೂರ್ತಿ ಹೋಗುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಆ ಮಸುಕು ಗೆರೆಯ ಮೇಲೆ ಕತ್ತರಿ ಓಡಿಸಿ ಒಳ್ಳೆಯ ಬಟ್ಟೆಯನ್ನು ಹಾಳು ಮಾಡಿದ್ದಳು. ಮಾಸ್ಟರು ಬೈಯಲಿಲ್ಲ.

"ದಪ್ಪ ಗೆರೆ ನಾನು ಹೇಳಿದ್ದು. ತೆಳು ಗೆರೆ ನಾನು ಬೇಡ ಅಂದಿದ್ದು. ಅದನ್ನ ಕಣ್ಣೆತ್ತಿಯೂ ನೋಡ್ಬೇಡಮ್ಮ," ಎಂದರು.

ಆಮೇಲೆ ಅವಳು ನೋಡಲೂ ಇಲ್ಲ. ಅವಳ ಕೈಯಲ್ಲಿ ಮತ್ತೊಂದು ಬಟ್ಟೆ ಹಾಳಾದದ್ದನ್ನು ಅಂಗಡಿಯಲ್ಲಿ ಯಾರೂ ಕಂಡಿಲ್ಲ.

ಇಷ್ಟು ಅಚ್ಚುಕಟ್ಟಿನ ಹೆಂಗಸಿಗೆ ಮುಟ್ಟು ಮಾತ್ರ ಎಂದೂ ಅಚ್ಚುಕಟ್ಟಾಗಿ ಬಂದದ್ದಿಲ್ಲ. ಒಮ್ಮೆ ಎರಡು ತಿಂಗಳಿಗೆ, ಒಮ್ಮೆ ನಾಲ್ಕಕ್ಕೆ, ಕೆಲವೊಮ್ಮೆ ಹೊರಟೆ ಎಂದು ಹೇಳಿ ಬಾಗಿಲಿಂದಲೇ ವಾಪಸು ಬರುವ ನೆಂಟರ ಹಾಗೆ ಹದಿನೈದೇ ದಿನಕ್ಕೆ. ಬೇರೆ ಹೆಂಗಸರಿಗೆ ತಿಂಗಳು ನಿಂತರೆ ಅದೊಂದು ಸುದ್ದಿ. ಇವಳಿಗೆ ಅದೇ ರೂಢಿ. ಆದರೂ ಪ್ರತಿಸಲ ನಿಂತಾಗಲೂ ಆಸೆ ಹುಟ್ಟುತ್ತಿತ್ತು. ಯಾಕೆಂದರೆ ಅವಳಿಗೆ ಮಗು ಬೇಕಿತ್ತು. ಮದುವೆಯಾಗಿ ಇಷ್ಟು ವರ್ಷ ಅವಳು ಬೇಡಿಕೊಂಡದ್ದು ಅದೊಂದನ್ನೇ.

ಔಷಧಿ ಅಂಗಡಿಯಿಂದ ತರುವ ಬಸಿರು ಪರೀಕ್ಷೆಯ ಪೆಟ್ಟಿಗೆಯ ಮೇಲೆ 'ಮುಟ್ಟು ತಪ್ಪಿದ ದಿನದಿಂದ ಪರೀಕ್ಷಿಸಿ' ಎಂದು ಬರೆದಿರುತ್ತದೆ. ತಪ್ಪಬೇಕಾದರೆ ಅದು ಯಾವತ್ತು ಬರಬೇಕಿತ್ತು ಎನ್ನುವುದಾದರೂ ಗೊತ್ತಿರಬೇಕಲ್ಲ! ಅದನ್ನು ಬರೆದ ಮಹಾನುಭಾವನಿಗೆ ಇಂಥ ಹೆಂಗಸರೂ ಇದ್ದಾರೆಂದು ಹೊಳೆದೇ ಇರಲಿಲ್ಲ. ಹಾಗಾಗಿ ಅವಳು ಮನಸ್ಸು ತಡೆಯದಾದಾಗೆಲ್ಲ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು, ಬಸಿರಿಲ್ಲ ಎನ್ನುವ ಒಂಟಿ ಗೆರೆ ನೋಡಿ ಮುಖ ತೊಳೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದಳು.

ಗಂಡ ಬಸ್ಸಿನ ಡ್ರೈವರು. ಮಾತು ಕಡಿಮೆ. ಆ ಸಲ ಅವಳು ಪೆಟ್ಟಿಗೆ ತಂದಾಗ ಮಾತ್ರ ಬಾಯಿಬಿಟ್ಟ. "ಇದೇ ಕೊನೆ ಕಣೆ. ಆಮೇಲೆ ಬೇಡ. ಪ್ರತಿಸಲ ನಿನ್ನ ಮುಖ ನೋಡಕ್ಕೆ ನನ್ನ ಕೈಲಿ ಆಗಲ್ಲ."

ಅವಳು ಹೂಂ ಎಂದು ಬಚ್ಚಲಿಗೆ ಹೋದಳು. ಪರೀಕ್ಷೆಯ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಒಂದು ಗೆರೆ ದಟ್ಟವಾಗಿ ಮೂಡಿತು. ಅದರ ಪಕ್ಕ ಇನ್ನೊಂದು, ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ. ಬೇರೆ ಯಾರಾದರೂ ಆಗಿದ್ದರೆ ಓಡಿ ಬಂದು ಇನ್ನೊಬ್ಬರಿಗೆ ತೋರಿಸುತ್ತಿದ್ದರು. ಇವಳ ಕಣ್ಣು ಅದನ್ನು ಕಂಡಿತು, ಕಂಡು ಬಿಟ್ಟುಬಿಟ್ಟಿತು. ಇಷ್ಟು ವರ್ಷ ಅನ್ನ ಕೊಟ್ಟ ಅಭ್ಯಾಸ ಅದು. ದಪ್ಪ ಗೆರೆ ಹೇಳಿದ್ದು, ತೆಳು ಗೆರೆ ಬೇಡ ಅಂದಿದ್ದು. ಎರಡನೇ ಯೋಚನೆಯೇ ಬರಲಿಲ್ಲ.

"ಇಲ್ಲ ರೀ," ಎಂದಳು ಹೊರಗೆ ಬಂದು.

ಗಂಡ ಅವಳ ತಲೆ ಸವರಿ ಡ್ಯೂಟಿಗೆ ಹೋದ. ಅಡಿಗೆಮನೆಯಲ್ಲಿದ್ದ ಅತ್ತೆಗೂ ಕೇಳಿಸಿತ್ತು. ಅವರು ಒಲೆ ಸಣ್ಣಗೆ ಮಾಡಿದರು.

ಮುಂದಿನ ವಾರಗಳು ಅವಳ ಬಾಳಿನಲ್ಲೇ ಕೆಟ್ಟವು. ಕಾರಣವಿಲ್ಲದೆ ಅಳು ಬರುತ್ತಿತ್ತು. ಸುಸ್ತು, ವಾಕರಿಕೆ, ಇಸ್ತ್ರಿಯ ಆವಿಯ ವಾಸನೆ ಬಂದರೆ ತಲೆ ಸುತ್ತು. ದುಃಖಕ್ಕೇ ಹೀಗಾಗುತ್ತಿದೆ ಎಂದುಕೊಂಡಳು. 'ಸಾಕು, ನಾಟಕ ಬಿಡು' ಎಂದು ತನಗೆ ತಾನೇ ಗದರಿಕೊಂಡಳು. ಮಗುವಿನ ಆಸೆಯನ್ನು ಬೇರುಸಹಿತ ಕಿತ್ತುಹಾಕಬೇಕೆಂದು ಹಟ ಹಿಡಿದು ಹೊತ್ತು ಮುಳುಗುವವರೆಗೂ ಮೇಜಿನ ಮುಂದೆ ನಿಂತು ದುಡಿದಳು.

ಒಂದು ಮಧ್ಯಾಹ್ನ ಕತ್ತರಿ ಹಿಡಿದು ನಿಂತಿದ್ದಾಗಲೇ ರಕ್ತಸ್ರಾವ ಶುರುವಾಯಿತು. ಮುಟ್ಟು ಬಂತಲ್ಲ ಎಂದು ಕೆಲಸ ಮುಂದುವರಿಸಿದಳು. ಆದರೆ ನೋವು ಎಂದಿನದಾಗಿರಲಿಲ್ಲ. ಹಲ್ಲು ಕಚ್ಚಿ ನಿಂತವಳು ಕೊನೆಗೆ ಮೇಜಿನ ಅಂಚು ಹಿಡಿದು ಕುಸಿದಳು. ಹುಡುಗಿಯರು ಅತ್ತೆಗೆ ಹೇಳಿಕಳಿಸಿದರು. ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಅವರೇ.

ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಕೂತರು.

"ಗರ್ಭ ಇಳಿದುಹೋಗಿದೆಯಮ್ಮ. ಬಸಿರು ನಿಂತಿತ್ತು ಅಂತ ಗೊತ್ತಿರ್ಲಿಲ್ವಾ? ಟೆಸ್ಟ್ ಮಾಡ್ಕೊಂಡಿರ್ಲಿಲ್ವಾ?"

"ಮಾಡ್ಕೊಂಡಿದ್ದೆ. ಇಲ್ಲ ಅಂತ ಬಂತು."

"ಒಂದೇ ಗೆರೆನಾ?"

"ಎರಡು. ಆದ್ರೆ ಇನ್ನೊಂದು ತೆಳು ಇತ್ತಲ್ಲ ಡಾಕ್ಟ್ರೇ, ಅದು ಲೆಕ್ಕಕ್ಕಿಲ್ವಲ್ಲ."

ಡಾಕ್ಟರಮ್ಮ ಅವಳ ಕಡೆ ಬಾಗಿದರು. "ಲೆಕ್ಕಕ್ಕಿದೆಯಮ್ಮ. ಪೆಟ್ಟಿಗೆ ಮೇಲೆ ಹೇಳಿದ ಹೊತ್ತಿನೊಳಗೆ ಮೂಡಿದ್ರೆ, ತೆಳುವಾದ್ರೂ ಅದು ಹೌದು ಅಂತಾನೇ. ನಿಮ್ಮ ಹಾಗೆ ಮುಟ್ಟು ಏರುಪೇರಾಗೋರಿಗೆ ಬಸಿರು ಯಾವಾಗ ನಿಂತಿತು ಅಂತ ಗೊತ್ತಾಗಲ್ಲ. ಬೇಗ ನೋಡಿದ್ರೆ ಗೆರೆ ತೆಳುವಾಗಿರುತ್ತೆ, ಒಮ್ಮೊಮ್ಮೆ ಬರೋದೇ ಇಲ್ಲ. ಒಂದು ವಾರ ಬಿಟ್ಟು ಮತ್ತೆ ನೋಡ್ಬೇಕು, ಇಲ್ಲಾಂದ್ರೆ ಇಲ್ಲಿ ಬಂದು ರಕ್ತ ಪರೀಕ್ಷೆ ಮಾಡಿಸ್ಬೇಕು."

"ಗೊತ್ತಾಗಿದ್ರೆ ಉಳೀತಿತ್ತಾ?"

"ಇಲ್ಲಮ್ಮ. ಇಷ್ಟು ಬೇಗ ಹೋಗೋದು ಸಾಮಾನ್ಯವಾಗಿ ಮೊದಲಿಂದಲೇ ಅದು ಸರಿಯಾಗಿ ಬೆಳೆದಿರಲ್ಲ ಅಂತ. ನೀವು ನಿಂತು ಕೆಲಸ ಮಾಡಿದ್ದಕ್ಕೆ ಹೋಗಿದ್ದಲ್ಲ. ಅದನ್ನ ತಲೆಗೆ ಹಚ್ಕೋಬೇಡಿ."

ಡಾಕ್ಟರಮ್ಮ ಹೇಳಿದ್ದು ಸಮಾಧಾನದ ಮಾತು. ಅತ್ತೆ ದೊಡ್ಡದಾಗಿ ಉಸಿರು ಬಿಟ್ಟರು. ಅವಳ ಸಂಕಟವೇ ಬೇರೆಯಿತ್ತು. ಉಳಿಯದಿದ್ದರೆ ಬೇಡ, ಬಂದಿತ್ತಲ್ಲ! ಜನ್ಮದಲ್ಲಿ ಒಂದೇ ಸಲ ಬಂದಿತ್ತು, ಇದ್ದಷ್ಟು ದಿನ ಅವಳು ಅದು ಇಲ್ಲವೆಂದು ಅಳುತ್ತಾ ಕೂತಿದ್ದಳು. ಒಂದು ದಿನವೂ ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕಿರಲಿಲ್ಲ. ಬಂದೆಯಾ ಎಂದು ಕೇಳಿರಲಿಲ್ಲ. ಮನೆಗೆ ಬಂದವರನ್ನು ಹೊರಗೇ ನಿಲ್ಲಿಸಿ ಕಳಿಸಿದ ಹಾಗಾಗಿತ್ತು.

ಗಂಡ ಖಾಕಿ ಅಂಗಿಯಲ್ಲೇ ಓಡಿ ಬಂದ. ಅತ್ತೆ ಬಾಗಿಲಲ್ಲೇ ಅವನಿಗೆ ಇದ್ದದ್ದನ್ನು ಹೇಳಿದ್ದರು. ಉಳಿದದ್ದನ್ನು ಅವಳೇ ಹೇಳಿದಳು.

"ಅವತ್ತು ಹೌದು ಅಂತ ಬಂದಿತ್ತು ರೀ. ನಾನೇ ನಿಮಗೆ ಇಲ್ಲ ಅಂದೆ."

ಅವನು ಬೈಯಬಹುದು, ಹೋಗಲಿ ಬಿಡು ಎನ್ನಬಹುದು ಎಂದು ಅವಳು ಕಾದಳು. ಅವನು ಎರಡನ್ನೂ ಮಾಡಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಅವಳ ಕೈ ತೆಗೆದುಕೊಂಡ.

"ಹಾಗಾದ್ರೆ ಈಗ ಹೇಳು."

"ಏನ್ ಹೇಳ್ಲಿ?"

"ಅವತ್ತು ಏನ್ ಹೇಳ್ಬೇಕಿತ್ತೋ ಅದನ್ನ. ನಾನಿನ್ನೂ ಕೇಳಿಸ್ಕೊಂಡಿಲ್ಲ."

ಅವಳು ಅತ್ತೆಯ ಮುಖ ನೋಡಿದಳು. ಅವರು ಹೇಳು ಎನ್ನುವಂತೆ ತಲೆಯಾಡಿಸಿದರು. ಅವಳು ಗಂಡನ ಕಡೆ ತಿರುಗಿದಳು.

"ನಾನು ಬಸುರಿ ರೀ," ಎಂದಳು.

"ಹೌದಾ!" ಎಂದ ಅವನು, ನಿಜಕ್ಕೂ ಆಗಷ್ಟೇ ಕೇಳಿದವನ ಹಾಗೆ, ಮುಖ ಪೂರ್ತಿ ಅರಳಿಸಿಕೊಂಡು. ಆಮೇಲೆ ಮೂವರೂ ಅತ್ತರು.