ಟ್ರೇಲರ್‌ನಲ್ಲಿ ದೊಡ್ಡಮ್ಮನ ನಗು

ಪಕ್ಕದ ಫ್ಲ್ಯಾಟಿನಲ್ಲಿ ಯಾರೋ ತೆಂಗಿನೆಣ್ಣೆಯಲ್ಲಿ ಮೆಂತೆ, ಕೊತ್ತಂಬರಿ ಹುರಿಯುತ್ತಿದ್ದರು. ಖಾರಘರ ಬಡಾವಣೆಯ ನಮ್ಮ ಎತ್ತರದ ಮಹಡಿಗೆ ಆ ಪರಿಮಳ ಬಂದದ್ದೇ ತಡ, ಮಾಡುತ್ತಿದ್ದ ಎಡಿಟಿಂಗ್ ನಿಲ್ಲಿಸಿ ಸುಮ್ಮನೆ ಕೂತುಬಿಟ್ಟೆ. ಡೊಂಬಿವಲಿಯ ಹಳೆಯ ಬಿಲ್ಡಿಂಗಿನಲ್ಲಿ ನಮ್ಮ ಎದುರು ಮನೆಯ ದೊಡ್ಡಮ್ಮ ಹೀಗೆಯೇ ಹುರಿಯುತ್ತಿದ್ದರು...

ಅವರು ನಮಗೆ ಸಂಬಂಧಿಕರೇನಲ್ಲ. ಉಡುಪಿ ಕಡೆಯವರು, ಅಷ್ಟೆ. ಗಂಡ ತೀರಿಹೋದ ಮೇಲೆ ಒಬ್ಬರೇ ಇದ್ದರು. ಶಾಲೆ ಬಿಟ್ಟ ಮಕ್ಕಳನ್ನು, ಅಪ್ಪ ಅಮ್ಮ ಲೋಕಲ್ ರೈಲು ಹಿಡಿದು ಮನೆ ಸೇರುವವರೆಗೆ, ತಮ್ಮ ಮನೆಯಲ್ಲಿ ಕೂರಿಸಿಕೊಂಡು ನೋಡಿಕೊಳ್ಳುತ್ತಿದ್ದರು. ನಾನಾಗ ಥಾಣೆಯಲ್ಲಿ, ಸಿನಿಮಾ ಟ್ರೇಲರ್ ಮಾತ್ರ ತಯಾರಿಸುವ ಒಂದು ಸಣ್ಣ ಸ್ಟುಡಿಯೊದಲ್ಲಿ ಎಡಿಟರ್ ಆಗಿದ್ದೆ.

ನಮಗೆ ಕೆಲಸ ಕೊಟ್ಟಿದ್ದ ನಿರ್ದೇಶಕರೊಬ್ಬರಿಗೆ ಕಿಟಕಿಯಲ್ಲಿ ಮೊಮ್ಮಗನನ್ನು ಕಾಯುವ ಅಜ್ಜಿಯೊಬ್ಬಳು ಬೇಕಿತ್ತು. ದೊಡ್ಡಮ್ಮನನ್ನು ಕರೆದುಕೊಂಡು ಹೋದವಳು ನಾನೇ. ಮೊಮ್ಮಗ ಬರುವುದು ಕಂಡು ಅವರು ನಗಬೇಕು, ಅಷ್ಟೇ ಕೆಲಸ. ಚೆನ್ನಾಗಿಯೇ ನಕ್ಕರು.

ಸಿನಿಮಾದಲ್ಲಿ ದೆವ್ವದ ಭಾಗ ಇದ್ದದ್ದು ಸ್ವಲ್ಪವೇ. ಆದರೆ ನಿರ್ಮಾಪಕರ ಕಡೆಯವರು, "ಕಾಲೇಜಿನ ಹುಡುಗರು ಬರಬೇಕು, ಹೆದರಿಸಿ" ಅಂದರು. ನಾನು ಆ ನಗುವನ್ನೇ ಎತ್ತಿಕೊಂಡೆ. ಬಿಸಿಲಿನ ಬಣ್ಣ ತೆಗೆದು ನೀಲಿ ಮಾಡಿದೆ. ಚಲನೆ ನಿಧಾನಿಸಿದೆ. ಒಂದು ಉಸಿರಿನಷ್ಟು ಹೊತ್ತು ಎಲ್ಲ ಸದ್ದು ನಿಲ್ಲಿಸಿದೆ. ಅದರ ಬೆನ್ನಿಗೇ, ಬೇರೆ ದೃಶ್ಯದಲ್ಲಿ ಚೀರುವ ಮಗುವಿನ ಮುಖ ಅಂಟಿಸಿದೆ. ಮೊದಲ ಸಲ ಓಡಿಸಿ ನೋಡಿದಾಗ ನನಗೇ ಹೆದರಿಕೆಯಾಯಿತು. ಕೆಲಸ ಗೆದ್ದಿತು ಎಂದು ಖುಷಿಪಟ್ಟೆ.

ಟ್ರೇಲರ್ ಎಲ್ಲರ ಮೊಬೈಲಿಗೂ ಬಂತು. ದೊಡ್ಡಮ್ಮ ಎರಡು ಸಲ ನೋಡಿದರು.

"ಇದು ನಾನಾ ಮಾರಾಯ್ತಿ? ನಾನು ನಗಾಡಿದ್ದಲ್ವಾ?"

"ನಗಾಡಿದ್ದೇ ದೊಡ್ಡಮ್ಮ. ಸಿನಿಮಾದಲ್ಲಿ ಸರಿಯಾಗಿ ಬರ್ತದೆ."

ಸಿನಿಮಾ ಬಂದಾಗ ಅದರಲ್ಲಿ ಆ ದೃಶ್ಯವೇ ಇರಲಿಲ್ಲ.

ಮೊದಲು ಚಿಕ್ಕ ಮಕ್ಕಳು ಅವರ ಮನೆಗೆ ಹೋಗುವುದಿಲ್ಲ ಎಂದು ಅತ್ತವು. ದೊಡ್ಡವರು ನಕ್ಕರು, ಬೈದರು, ಕೊನೆಗೆ ಬೇರೆ ವ್ಯವಸ್ಥೆ ಮಾಡಿಕೊಂಡರು. ಮೆಟ್ಟಿಲಲ್ಲಿ ದೊಡ್ಡಮ್ಮ ಎದುರಾದರೆ ಮಕ್ಕಳು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದವು. ಅವರು ಮಕ್ಕಳ ಮುಂದೆ ನಗುವುದನ್ನೇ ಬಿಟ್ಟರು. ಆ ಟ್ರೇಲರ್ ತೆಗೆದುಹಾಕಿ ಎಂದು ನಾನು ಕೇಳಿದೆನೇ? ಒಮ್ಮೆ, ಮೆಲ್ಲಗೆ, ಕೇಳಿದೆ. "ಚಲ್ ರಹಾ ಹೈ, ಕ್ಯೂಂ ನಿಕಾಲೇಂ?" ಅಂದರು ನಮ್ಮ ಬಾಸ್, ಚೆನ್ನಾಗಿ ಓಡುತ್ತಿರುವುದನ್ನು ಯಾಕೆ ತೆಗೆಯಬೇಕು ಎಂದು. ಮತ್ತೆ ಕೇಳಲಿಲ್ಲ.

ಆಮೇಲೆ ಆ ಮಧ್ಯಾಹ್ನ ಬಂತು. ನಮ್ಮದೇ ಮಹಡಿಯ ಒಂಬತ್ತು ವರ್ಷದ ಹುಡುಗಿ, ಮೊದಲು ದೊಡ್ಡಮ್ಮನ ಬಳಿಯೇ ಇರುತ್ತಿದ್ದವಳು, ಈಗ ಮನೆಯಲ್ಲಿ ಒಬ್ಬಳೇ ಇದ್ದಳು. ಉಳಿದ ಮನೆಗಳಿಗೆ ಬೀಗ. ದೊಡ್ಡಮ್ಮನಿಗೆ ಎದೆನೋವು ಬಂದಿರಬೇಕು. ಎದ್ದು ಬಂದು ಅವಳ ಬಾಗಿಲು ತಟ್ಟಿದ್ದಾರೆ. ಹುಡುಗಿ ಸ್ಟೂಲು ಹತ್ತಿ ಬಾಗಿಲಿನ ಗಾಜಿನ ಕಿಂಡಿಯಿಂದ ನೋಡಿದ್ದಾಳೆ. ಬೆವರಿದ ಮುಖ, ತೆರೆದ ಬಾಯಿ... ಒಳಕೋಣೆಗೆ ಓಡಿ ಚಾದರ ಹೊದ್ದು ಮಲಗಿದ್ದಾಳೆ.

ಸಂಜೆ ಲೋಕಲ್ ಇಳಿದು ಬಂದವರು ಮೆಟ್ಟಿಲ ಬಳಿ ಅವರನ್ನು ಕಂಡರು. ಆಗಲೇ ಮೈ ತಣ್ಣಗಾಗಿತ್ತು. ಯಾಕೆ ತೆರೆಯಲಿಲ್ಲ ಎಂದು ತಾಯಿ ಕೇಳಿದಾಗ ಹುಡುಗಿ ಅಳುತ್ತ ಹೇಳಿದಳು:

"ವೋ ಟ್ರೇಲರ್‌ವಾಲೀ ಆಜಿ ಥೀ, ಮಮ್ಮಿ."

ಟ್ರೇಲರ್‌ನ ಆ ಅಜ್ಜಿ. ನಾನು ಅಲ್ಲೇ ನಿಂತಿದ್ದೆ. ನಾನು ಸಿನಿಮಾ ಆಫೀಸಿನಲ್ಲಿದ್ದೇನೆ ಎಂದಷ್ಟೇ ಬಿಲ್ಡಿಂಗಿನವರಿಗೆ ತಿಳಿದಿತ್ತು; ಅದನ್ನು ಕತ್ತರಿಸಿ ಜೋಡಿಸಿದ ಕೈ ಯಾರದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೊಡ್ಡಮ್ಮನಿಗೂ ನಾನು ಹೇಳಿರಲಿಲ್ಲ.

ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಥಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಸಿಕ್ಕಿದಳು. ಗುಂಪಿನ ನಡುವೆ ನನ್ನ ಕೈ ಹಿಡಿದು ನಿಲ್ಲಿಸಿ, ಹಿಂದಿಯಲ್ಲಿ, ಒಂದೇ ಪ್ರಶ್ನೆ ಕೇಳಿದಳು: ಅಂದು ಬಾಗಿಲು ತೆರೆದಿದ್ದರೆ ಆಜಿ ಬದುಕುತ್ತಿದ್ದರೇ?

"ಇಲ್ಲ. ಡಾಕ್ಟರೇ ಹೇಳಿದ್ರು, ಏನೂ ಮಾಡೋಕಾಗ್ತಿರಲಿಲ್ಲ ಅಂತ" ಎಂದೆ.

ಡಾಕ್ಟರು ಹಾಗೆ ಹೇಳಿರಲಿಲ್ಲ. ಹುಡುಗಿ ನಂಬಿದಳು. ಕಣ್ಣು ಒರೆಸಿಕೊಂಡು, ಥ್ಯಾಂಕ್ಯೂ ದೀದಿ ಎಂದು ಮೆಟ್ಟಿಲಿಳಿದು ಹೋದಳು. ಅವಳನ್ನು ಕೂಗಿ ನಿಲ್ಲಿಸಿ ಉಳಿದದ್ದನ್ನೂ ಹೇಳಬೇಕಿತ್ತು. ನಾನು ಹೇಳಲಿಲ್ಲ.