ಒಂದನ್ನು ತೋರಿಸಿ ನಾಲ್ಕು ಒತ್ತಿದ್ದು

ಅಂಗಡಿಗೆ ಬರುವ ಮಕ್ಕಳೆಲ್ಲ ಅವಳನ್ನು ಪೀಂಕಕ್ಕ ಎಂದೇ ಕರೆಯುತ್ತಿದ್ದರು. ಅವಳ ಕೈಯಲ್ಲಿದ್ದ ಸ್ಕ್ಯಾನರು ಪ್ರತಿ ಸಾಮಾನಿಗೂ ಪೀಂಕ್ ಎನ್ನುತ್ತಿತ್ತಲ್ಲ, ಹೆಸರು ಅಲ್ಲಿಂದ ಹುಟ್ಟಿತ್ತು. ಏಳು ವರ್ಷದಿಂದ ಅದೇ ಬಿಲ್ಲಿಂಗ್ ಕೌಂಟರು, ಒಂದು ಕಾಲು ಅಲ್ಲಾಡುವ ಅದೇ ಸ್ಟೂಲು. ಎರಡು ವರ್ಷದ ಮಗಳನ್ನು ಅತ್ತೆಯ ಕೈಗೊಪ್ಪಿಸಿ ಬರುತ್ತಿದ್ದಳು. ಆದರೆ ಜೀವವೆಲ್ಲ ಮನೆಯಲ್ಲೇ. ದಿನಕ್ಕೆ ನಾಲ್ಕು ಸಲ ಫೋನು: "ಉಂಡ್ಲಾ? ಮಲಗಿದ್ಲಾ? ಮೈ ಬೆಚ್ಚಗಿದೆಯಾ?"

"ನೀನು ಹೀಗೆ ಕೇಳ್ತಾ ಇದ್ರೆ ನನಗೇ ಜ್ವರ ಬರುತ್ತಮ್ಮ," ಎನ್ನುತ್ತಿದ್ದರು ಅತ್ತೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳಿಗೆ ಆ ಸ್ಕ್ಯಾನರಿನ ಭಯ. ಬರೀ ಕಪ್ಪು ಗೆರೆ ನೋಡಿ ಒಳಗಿರುವುದು ಸೋಪೋ ಸಕ್ಕರೆಯೋ ಎಂದು ಇದಕ್ಕೆ ಹೇಗೆ ತಿಳಿಯುತ್ತದೆ? ಕಂಪ್ಯೂಟರ್ ರಿಪೇರಿಗೆ ಬರುತ್ತಿದ್ದ ಮುದುಕ ಬಿಡಿಸಿ ಹೇಳಿದ್ದ.

"ಅದಕ್ಕೇನೂ ತಿಳಿಯಲ್ಲಮ್ಮ. ಕೆಂಪು ಬೆಳಕು ಬಿಡುತ್ತೆ. ಕಪ್ಪು ಗೆರೆ ಬೆಳಕನ್ನ ನುಂಗುತ್ತೆ, ಬಿಳಿ ಸಂದು ವಾಪಸ್ ಕೊಡುತ್ತೆ. ಯಾವುದು ದಪ್ಪ, ಯಾವುದು ಸಣ್ಣ ಅಂತ ನೋಡ್ಕೊಂಡು ಒಂದು ನಂಬರ್ ಮಾಡಿ, ನೀನೇ ಟೈಪ್ ಮಾಡಿದ ಹಾಗೆ ಕಂಪ್ಯೂಟರಿಗೆ ಕೊಡುತ್ತೆ. ಆ ನಂಬರ್ ಯಾರದು ಅಂತ ಪಟ್ಟಿ ನೋಡಿ ಹೆಸರು, ಬೆಲೆ ಹೇಳೋದು ಕಂಪ್ಯೂಟರ್. ತೋರಿಸಿದ್ದನ್ನ ತಪ್ಪು ಓದೋದು ಅಪರೂಪ. ತೋರಿಸದೇ ಇರೋದನ್ನ ಮಾತ್ರ ನೀನು ತಲೆಕೆಳಗಾಗಿ ನಿಂತ್ರೂ ಓದಲ್ಲ."

ಆಗ ನಕ್ಕಿದ್ದಳು. ಕ್ರಮೇಣ ಕೈ ಪಳಗಿತು. ಕೈ ಪಳಗಿದ ಮೇಲೆ ಅಡ್ಡದಾರಿಗಳೂ ಪಳಗುತ್ತವೆ. ಒಂದೇ ಬಗೆಯ ನಾಲ್ಕು ಸಾಮಾನು ಬಂದರೆ ನಾಲ್ಕನ್ನೂ ತೋರಿಸುವ ಗೋಜಿಲ್ಲ. ಒಂದನ್ನು ತೋರಿಸಿ, ಪರದೆಯಲ್ಲಿ ಹೆಸರಿನ ಪಕ್ಕದ ಚೌಕದಲ್ಲಿ ನಾಲ್ಕು ಎಂದು ಒತ್ತಿದರಾಯಿತು. ಹಿಂದೆ ನಿಂತ ಜನವೂ ಖುಷಿ, ಸಾಹುಕಾರರೂ ಖುಷಿ.

ಆ ದಿನ ಮಧ್ಯಾಹ್ನ ಅವಳು ಊಟಕ್ಕೆ ಏಳಬೇಕು ಎನ್ನುವಷ್ಟರಲ್ಲಿ ಸ್ಟೋರಿನ ಅಣ್ಣ ಹಾಳೆ ಹಿಡಿದು ಬಂದ. ಶೆಲ್ಫಿನಲ್ಲಿ ಉಳಿದದ್ದನ್ನು ಕಂಪ್ಯೂಟರಿನ ಲೆಕ್ಕಕ್ಕೆ ತಾಳೆ ನೋಡುವುದು ಅವನ ಕೆಲಸ.

"ಪೀಂಕಕ್ಕ, ಮಕ್ಕಳ ಹಾಲಿನ ಪುಡಿ ಸಾಲಲ್ಲಿ ಒಂದು ಡಬ್ಬಿ ಮರಿ ಹಾಕಿದೆ ನೋಡು. ಹಸುವಿನ ಹಾಲಿಲ್ಲದ್ದು ಕಂಪ್ಯೂಟರಲ್ಲಿ ಎರಡು, ಶೆಲ್ಫಲ್ಲಿ ಮೂರು."

"ಮಾಮೂಲಿ ಹಾಲಿಂದು?"

"ಅದು ಒಂದು ಕಮ್ಮಿ. ಎಲ್ಲೋ ಅದಲುಬದಲಾಗಿದೆ. ಹೋಗ್ಲಿ ಬಿಡು, ಒಟ್ಟು ಲೆಕ್ಕ ತಾಳೆ ಆಯ್ತಲ್ಲ."

ಅವಳಿಗೆ ತಾಳೆಯಾಗಲಿಲ್ಲ. ಬೆಳಿಗ್ಗೆ ಎತ್ತರದವನೊಬ್ಬ ನಾಲ್ಕು ಡಬ್ಬಿಗಳನ್ನು ಎದೆಗವಚಿಕೊಂಡು ಬಂದಿದ್ದ. ಹಿಂದೆ ಒಂಬತ್ತು ಜನ. "ನಮ್ಮ ಕೂಸಿಗೆ ಹಸುವಿನ ಹಾಲು ಆಗಿಬರಲ್ಲ ಮೇಡಂ. ಒಂದು ಚಮಚ ಹೋದ್ರೂ ತುಟಿ ಊದಿ ಉಸಿರು ಕಟ್ಟುತ್ತೆ. ಹೋದ ತಿಂಗಳು ಆಸ್ಪತ್ರೆಲಿ ಎರಡು ದಿನ ಇದ್ವಿ," ಎಂದಿದ್ದ. ಅವಳು ಅಯ್ಯೋ ಪಾಪ ಎನ್ನುತ್ತಲೇ ಮೇಲಿನ ಡಬ್ಬಿಯನ್ನು ಪೀಂಕ್ ಅನ್ನಿಸಿ ನಾಲ್ಕು ಒತ್ತಿದ್ದಳು. ಎರಡು ಬಗೆಗೂ ಅದೇ ನೀಲಿ ಡಬ್ಬಿ, ಅದೇ ನಗುವ ಮಗು. ಕೆಳಗೆ ಬೆರಳಗಲದ ಪಟ್ಟಿಯೊಂದು ಮಾತ್ರ ಬೇರೆ ಬಣ್ಣ. ಒಂದು ಡಬ್ಬಿಗೆ ಅವನು ಅವಸರದಲ್ಲಿ ಪಕ್ಕದ ಸಾಲಿಗೆ ಕೈ ಹಾಕಿರಬೇಕು. ನಾಲ್ಕನ್ನೂ ತೋರಿಸಿದ್ದರೆ ಪರದೆಯ ಮೇಲೆ ಬೇರೆ ಹೆಸರು ಬಂದು ನಿಲ್ಲುತ್ತಿತ್ತು.

ಬುತ್ತಿ ಹಾಗೇ ಬಿಟ್ಟು ಬಿಲ್ಲು ಹುಡುಕಿದಳು. ಸದ್ಯ, ಫೋನ್ ನಂಬರ್ ಇತ್ತು. "ನಮ್ಮಮ್ಮನ ನಂಬರ್ ಹಾಕಿ, ಪಾಯಿಂಟೆಲ್ಲ ಅವರಿಗೇ ಸೇರ್ಲಿ. ಇದನ್ನ ಮನೇಲಿಟ್ಟು ನಾನು ಊರಾಚೆ ಹೊರಟೆ," ಎಂದಿದ್ದನಲ್ಲ.

ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಆಗಲೂ ಯಾರೂ ಎತ್ತಲಿಲ್ಲ. ಊದಿದ ಪುಟ್ಟ ತುಟಿಯೊಂದು ಕಣ್ಣಿಗೆ ಕಟ್ಟಿತು. ನೋಡುತ್ತ ನೋಡುತ್ತ ಆ ತುಟಿ ಅವಳ ಮಗಳದೇ ಆಯಿತು. ಮೂರನೆಯ ಸಲಕ್ಕೆ ಮುದಿ ದನಿ, ಅದರ ಹಿಂದೆ ಕೂಸಿನ ಅಳು.

"ಯಾರಮ್ಮ? ಬೇಗ ಹೇಳು, ಕೂಸು ರಚ್ಚೆ ಹಿಡಿದಿದೆ."

"ಅಜ್ಜಿ, ನಾನು ಅಂಗಡಿಯವಳು. ಬೆಳಿಗ್ಗೆ ತಂದ ಹಾಲಿನ ಪುಡಿ ತೆಗೆದ್ರಾ?"

"ತೆಗೆದೆ. ಕಲಸಿನೂ ಆಯ್ತು. ಬಾಟ್ಲಿ ಆರಲಿ ಅಂತ ತಣ್ಣೀರಲ್ಲಿ ಇಟ್ಟಿದೀನಿ."

"ಕೊಡಬೇಡಿ. ಡಬ್ಬಿ ಮೇಲೆ ಏನು ಬರೆದಿದೆ, ಸ್ವಲ್ಪ ಓದಿ."

"ಅಕ್ಷರ ಬರಲ್ಲ ತಾಯಿ. ಅಂಕಿ ಬರುತ್ತೆ."

ಅವಳು ಸ್ಟೋರಿನ ಅಣ್ಣನಿಗೆ ಸನ್ನೆ ಮಾಡಿ ಎರಡೂ ಬಗೆಯ ಡಬ್ಬಿ ತರಿಸಿ ಎದುರಿಗಿಟ್ಟುಕೊಂಡಳು.

"ಅಂಕಿ ಸಾಕು ಅಜ್ಜಿ. ಹಿಂದುಗಡೆ ಕಪ್ಪು ಗೆರೆ ಸಾಲಾಗಿದೆಯಲ್ಲ, ಅದರ ಕೆಳಗೆ ಅಂಕಿ ಇರುತ್ತೆ. ಕೊನೇ ಮೂರು ಹೇಳಿ."

"ತಾಳು, ಕನ್ನಡಕ ಎಲ್ಲಿಟ್ಟೆನೋ."

ಕೂಸಿನ ಅಳು ಏರಿತು. ಏನೋ ಬಿತ್ತು. ಕೌಂಟರಿನ ಮುಂದೆ ಜನ ಕೂಡಿ ಗೊಣಗತೊಡಗಿದರು. ಅವಳು ತಲೆಯೆತ್ತಲಿಲ್ಲ.

"ಮೂರು… ಒಂದು… ಮೂರು."

ಹಾಲಿಲ್ಲದ ಡಬ್ಬಿಯ ಕೊನೆಯ ಅಂಕಿಗಳು ಮೂರು, ಸೊನ್ನೆ, ಆರು. ಇನ್ನೊಂದರದು ಮೂರು, ಒಂದು, ಮೂರು.

"ಅಜ್ಜಿ, ಅದು ಹಸುವಿನ ಹಾಲಿಂದು. ಚೆಲ್ಲಿಬಿಡಿ. ಬಾಟ್ಲಿ, ಚಮಚ, ನಿಮ್ಮ ಕೈ ಎಲ್ಲ ಸೋಪು ಹಾಕಿ ತೊಳೀರಿ. ಮಿಕ್ಕ ಮೂರರ ಅಂಕಿನೂ ಓದಿ."

ಅಜ್ಜಿ ಒಂದೊಂದನ್ನೇ ತಿರುಗಿಸಿ ಓದಿದರು. ಎಲ್ಲದರಲ್ಲೂ ಮೂರು, ಸೊನ್ನೆ, ಆರು. ಅವಳು ಒಂದೊಂದನ್ನೂ ಎರಡೆರಡು ಸಲ ಓದಿಸಿ, ಅದರಲ್ಲೊಂದನ್ನು ಕಲಸಿ ಕೊಡಲು ಹೇಳಿದಳು. ಆ ಕಡೆ ನೀರಿನ ಸದ್ದು, ಬಾಟ್ಲಿ ಕುಲುಕುವ ಸದ್ದು, ಕೊನೆಗೆ ಅಳು ನಿಂತು ಚೀಪುವ ಸದ್ದು. ಅದನ್ನು ಕೇಳುವವರೆಗೂ ಫೋನು ಇಡಲಿಲ್ಲ.

"ನಿನ್ನ ಬೈಬೇಕೋ ಹರಸಬೇಕೋ ತಿಳೀತಿಲ್ಲ ಕಣೇ," ಎಂದರು ಅಜ್ಜಿ.

"ಬೈರಿ ಅಜ್ಜಿ. ಮೊದಲು ಬೈರಿ."

ಸರಿಯಾದ ಡಬ್ಬಿ ಹಿಡಿದು ಸ್ಟೋರಿನ ಅಣ್ಣ ಆ ಮನೆಗೆ ಹೊರಟ. ಅವಳು ಸಾಹುಕಾರರಿಗೆ ತಾನೇ ಹೋಗಿ ನಡೆದದ್ದು ಹೇಳಿ, ಮಾತನ್ನಿಸಿಕೊಂಡು ಬಂದು ಸ್ಟೂಲಿನ ಮೇಲೆ ಕೂತಳು. ಮುಂದಿದ್ದವನು ಆರು ಸೋಪು ಇಟ್ಟ. ಪೀಂಕ್. ತಿರುಗಿಸಿದಳು. ಇನ್ನೊಂದು, ಪೀಂಕ್.

"ಆರೂ ಒಂದೇ ಕಣಮ್ಮ. ಕಣ್ಣಿಗೆ ಕಾಣ್ತಿಲ್ವಾ?"

"ಒಂದೇ ತರ ಕಾಣ್ತಿದೆ ಅಣ್ಣ," ಎಂದು ಅವಳು ಮೂರನೆಯದನ್ನು ಎತ್ತಿಕೊಂಡಳು. "ಅದಕ್ಕೇ."