ಮೈಕಕ್ಕ ಟೀ ಕುಡಿಯಲು ಹೋದದ್ದು

ಆ ಬಸ್ ನಿಲ್ದಾಣದಲ್ಲಿ ಸಾಮಾನು ಕಳೆದುಕೊಂಡವರೇ ಇಲ್ಲ. ಕಳೆದುಕೊಳ್ಳುವುದಕ್ಕೆ ಮೈಕಕ್ಕ ಬಿಡಬೇಕಲ್ಲ! "ಪ್ರಯಾಣಿಕರ ಗಮನಕ್ಕೆ. ನಿಮ್ಮ ನಿಮ್ಮ ಸಾಮಾನುಗಳನ್ನು ಜೋಪಾನವಾಗಿ ನೋಡಿಕೊಳ್ಳಿ" ಎಂದು ಹೇಳಿ, ನೀರು ಕುಡಿದು, ಮತ್ತೆ ಅದನ್ನೇ ಶುರು ಮಾಡುತ್ತಿದ್ದಳು. ಬಸ್ಸು ಬಂದರೆ ಬಸ್ಸಿನ ಸುದ್ದಿ, ಬಾರದಿದ್ದರೆ ಸಾಮಾನಿನ ಸುದ್ದಿ. "ಈ ಅಕ್ಕನ ಮಾತು ಕೇಳೀ ಕೇಳೀ ಕಳ್ಳರೆಲ್ಲ ಬೇರೆ ಕೆಲಸ ಹುಡುಕ್ಕೊಂಡ್ರು" ಎಂದು ಡ್ರೈವರುಗಳು ನಗುತ್ತಿದ್ದರು. ಮೈಕಕ್ಕ ಎಂದು ಹೆಸರಿಟ್ಟವರೂ ಅವರೇ.

ನಗುವವರಿಗೆ ಒಳಗಿನ ಕಥೆ ಗೊತ್ತಿರಲಿಲ್ಲ. ನಿಲ್ದಾಣದ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ ಒಂದು ಕನ್ನಡಕದ ಅಂಗಡಿ. ಆ ಅಂಗಡಿಯ ಯಜಮಾನರೇ ಮೈಕಕ್ಕನ ಯಜಮಾನರೂ. ಊರವರ ಕಣ್ಣು ಪರೀಕ್ಷೆ ಮಾಡುತ್ತ ಕೂತರೂ ಅವರ ಒಂದು ಕಿವಿ ಸದಾ ನಿಲ್ದಾಣದ ಲೌಡ್‌ಸ್ಪೀಕರಿನ ಕಡೆಗೇ. ಹೆಂಡತಿಯ ದನಿ ಕೇಳಿಸುತ್ತಿದ್ದರೆ ಹೆಂಡತಿ ಕುರ್ಚಿಯಲ್ಲಿದ್ದಾಳೆ ಎಂದು ಲೆಕ್ಕ. ಸ್ವಲ್ಪ ಹೊತ್ತು ಕೇಳಿಸದಿದ್ದರೆ ಅವಳ ಕೋಣೆಯ ಫೋನು ಹೊಡೆದುಕೊಳ್ಳುತ್ತಿತ್ತು. "ಏನ್ ಮಾಡ್ತಾ ಇದ್ದೆ? ಯಾಕೆ ಮಾತೇ ಇಲ್ಲ?" ಬಾತ್‌ರೂಮಿಗೆ ಹೋಗಿದ್ದೆ ಎಂದರೆ, "ಇಷ್ಟು ಹೊತ್ತಾ?" ಹೀಗಾಗಿ ಅವಳು ಬಸ್ಸಿಲ್ಲದ ಹೊತ್ತಿನಲ್ಲಿ ಊರವರ ಸಾಮಾನು ಕಾಯತೊಡಗಿದಳು. ಜನರಿಗೆ ಅದು ಪ್ರಕಟಣೆ, ಅವಳಿಗೆ ಹಾಜರಿ.

ಯಜಮಾನರು ಹೊಡೆದವರಲ್ಲ, ಬಡಿದವರಲ್ಲ, ಕುಡಿದವರಂತೂ ಅಲ್ಲವೇ ಅಲ್ಲ. ಇಂಥವರದೇ ಕಷ್ಟ ನೋಡಿ. ಹೊಡೆದರೆ ಗಾಯ ತೋರಿಸಬಹುದು, "ನಿನ್ನ ಒಳ್ಳೇದಕ್ಕೇ ಹೇಳ್ತೀನಿ" ಎನ್ನುವವರ ಮೇಲೆ ಏನೆಂದು ದೂರು ಹೇಳುವುದು? ಅವಳ ಮೊಬೈಲು "ನೀನು ಎಲ್ಲಾದ್ರೂ ಬೀಳಿಸ್ತೀಯ" ಎಂಬ ಕಾಳಜಿಯಿಂದ ಅವರ ಜೇಬು ಸೇರಿತು. ಶಾಲೆಯ ಗೆಳತಿಯರು ಅವರ ಬಾಯಲ್ಲಿ ಕೆಲಸವಿಲ್ಲದವರಾದರು. ಪಕ್ಕದ ಮನೆಯಾಕೆ ಬಾಯಿಬಡುಕಿಯಾದಳು. ಕೊನೆಗೆ ಉಳಿದದ್ದು ಒಡಹುಟ್ಟಿದ ತಂಗಿ. "ಅವಳು ಬಂದು ಹೋದಾಗಲೆಲ್ಲ ನಿಂಗೆ ತಲೆನೋವು ಬರುತ್ತೆ, ಗಮನಿಸಿದ್ದೀಯಾ?" ಎಂದು ಅವರು ಕೇಳಿ ಕೇಳಿ, ಇವಳಿಗೆ ನಿಜವಾಗಿಯೂ ತಲೆ ನೋಯತೊಡಗಿತು. ಆಮೇಲೆ ಒಂದು ದಿನ, "ನಿನ್ನ ತಂಗಿ ಇನ್ಮೇಲೆ ಬರಲ್ವಂತೆ. ನಿನ್ನ ಸಹವಾಸಾನೇ ಬೇಡ ಅಂದ್ಲು" ಎಂದರು. ಅಪ್ಪ ಅಮ್ಮ ಇಲ್ಲದ ಮೈಕಕ್ಕನಿಗೆ ತವರು ಎಂದರೆ ಆ ತಂಗಿಯೊಬ್ಬಳೇ. ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು, ಅತ್ತದ್ದು ಕೇಳಿಸಿದರೆ ಅದಕ್ಕೊಂದು ವಿಚಾರಣೆ ನಡೆಯುತ್ತದಲ್ಲ.

ಎದೆ ಡವಡವ ಶುರುವಾದದ್ದು ಅಲ್ಲಿಂದ. ಫೋನು ಹೊಡೆದುಕೊಂಡರೆ ಅಂಗೈ ಬೆವರುತ್ತಿತ್ತು, ಮೇಲೆ ಹತ್ತಿದ ಉಸಿರು ಕೆಳಗಿಳಿಯುತ್ತಿರಲಿಲ್ಲ. ಒಂದು ದಿನ "ಮೂರನೇ ಅಂಕಣದಿಂದ" ಎಂದಷ್ಟೇ ಹೇಳಿ ಅವಳ ಗಂಟಲು ಕಟ್ಟಿತು. ಜನ ಗಂಟುಮೂಟೆ ಹೊತ್ತು ಮೂರನೇ ಅಂಕಣಕ್ಕೆ ಓಡಿದರು. ಅಲ್ಲಿ ಬಸ್ಸೂ ಇಲ್ಲ ಗಿಸ್ಸೂ ಇಲ್ಲ, ಒಂದು ನಾಯಿ ಕಾಲು ಚಾಚಿ ಮಲಗಿತ್ತು.

ಬಾಗಿಲು ತಳ್ಳಿಕೊಂಡು ಬಂದವರು ಪಾಸಮ್ಮ. ಪಕ್ಕದ ಕೌಂಟರಿನಲ್ಲಿ ತಿಂಗಳ ಪಾಸು ಕೊಡುವ ಹೆಂಗಸು, ನಿವೃತ್ತಿಗೆ ಹತ್ತಿರ. ಮೈ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಕುರ್ಚಿಯಲ್ಲಿ ನಡುಗುತ್ತ ಕೂತವಳ ಬೆನ್ನು ಸವರಿ, "ಗೋಡೆ ತೆಳ್ಳಗಿದೆ ಕಣೇ. ನಿನ್ನ ಗಂಡನ ಫೋನೆಲ್ಲ ನಂಗೂ ಬಂದ ಹಾಗೇ" ಎಂದರು. ಮೈಕಕ್ಕನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಭಯ ಆಗುತ್ತೆ ಅಮ್ಮ. ಯಾಕೆ ಅಂತಾನೇ ಗೊತ್ತಾಗಲ್ಲ."

"ನಿಂಗೆ ಬರೋದೇ ಅನೌನ್ಸ್ ಮಾಡೋದು ತಾನೇ? ಭಯ ಬಂದಾಗ ಕಣ್ಣಿಗೆ ಕಂಡದ್ದನ್ನೆಲ್ಲ ಒಂದೊಂದಾಗಿ ಅನೌನ್ಸ್ ಮಾಡು. ಮೈಕ್ ಆಫ್ ಮಾಡ್ಕೋ ಮತ್ತೆ, ಊರಿಗೆಲ್ಲ ಗೊತ್ತಾಗೋದು ಬೇಡ."

ಮೈಕಕ್ಕ ಸ್ವಿಚ್ಚು ಆರಿಸಿ, ನಡುಗುವ ದನಿಯಲ್ಲೇ ಶುರು ಮಾಡಿದಳು. "ಮೇಜಿನ ಮೇಲೆ ನೀರಿನ ಬಾಟಲಿ ನಿಂತಿದೆ. ಗೋಡೆಯ ಮೇಲಿನ ಹಲ್ಲಿ ಇನ್ನು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ. ಪಾಸಮ್ಮನವರ ಹೊಟ್ಟೆ ಒಂದನೇ ಅಂಕಣದಲ್ಲಿ ನಿಂತು ಎರಡನೇ ಅಂಕಣಕ್ಕೂ ಅಡ್ಡವಾಗಿದೆ." ಪಾಸಮ್ಮ ಕುರ್ಚಿ ಅಲುಗಾಡುವ ಹಾಗೆ ನಕ್ಕರು. ಮೈಕಕ್ಕನೂ ನಕ್ಕಳು. ನಗುವಾಗ ಉಸಿರು ತಾನಾಗಿಯೇ ಕೆಳಗಿಳಿಯಿತು. ಅಂದಿಗೇ ಭಯ ಬಿಟ್ಟುಹೋಯಿತು ಎಂದರೆ ಸುಳ್ಳಾದೀತು. ಬಂದಾಗ ಏನು ಮಾಡಬೇಕೆಂದು ಗೊತ್ತಾಯಿತು, ಅಷ್ಟೇ.

ಮುಂದೆ ಕೆಲವು ತಿಂಗಳಿಗೆ ನಿಲ್ದಾಣಕ್ಕೆ ಒಂದು ಪೆಟ್ಟಿಗೆ ಬಂತು. ಪ್ರಕಟಣೆಗಳನ್ನೆಲ್ಲ ಒಮ್ಮೆ ರೆಕಾರ್ಡ್ ಮಾಡಿ, ಬಸ್ಸಿನ ವೇಳೆ ತುಂಬಿಸಿಟ್ಟರೆ ಸಾಕು, ಅದೇ ಹೊತ್ತಿಗೆ ಸರಿಯಾಗಿ ಮಾತಾಡುತ್ತದೆ. ಮೈಕಕ್ಕ ತನ್ನ ಕೆಲಸ ಹೋಯಿತೆಂದೇ ತಿಳಿದಳು. ನಿಲ್ದಾಣ ನೋಡಿಕೊಳ್ಳುವ ಕಂಟ್ರೋಲರ್ ನಕ್ಕುಬಿಟ್ಟರು. "ಬಸ್ಸು ತಡ ಆದ್ರೆ ಪೆಟ್ಟಿಗೆಗೆ ಏನ್ ಗೊತ್ತಾಗುತ್ತೆ? ನೀವು ಇರಲೇಬೇಕು. ಟೀಗೆ ಹೋಗೋ ಹೊತ್ತಲ್ಲಿ ಅದು ನೋಡ್ಕೊಳ್ಳುತ್ತೆ ಅಷ್ಟೆ. ಅಂದ ಹಾಗೆ, ನೀವು ಯಾವತ್ತೂ ಟೀಗೆ ಹೋದದ್ದೇ ನಾನು ನೋಡಿಲ್ವಲ್ಲ?"

ಅವಳು ಎರಡು ದಿನ ಕೂತು ಎಲ್ಲವನ್ನೂ ರೆಕಾರ್ಡ್ ಮಾಡಿದಳು. ಸಾಮಾನಿನ ಮಾತನ್ನು ಮರೆಯಲಿಲ್ಲ. ಪೆಟ್ಟಿಗೆ ಮಾತಾಡತೊಡಗಿದ ದಿನ ಪಾಸಮ್ಮ ಬಂದು, ಕಿಟಕಿಯಿಂದ ಕನ್ನಡಕದ ಅಂಗಡಿಯನ್ನು ನೋಡಿದರು. ಪೆಟ್ಟಿಗೆಯನ್ನು ನೋಡಿದರು. ಆಮೇಲೆ ಮೈಕಕ್ಕನನ್ನು ನೋಡಿ, "ಏಳೇ" ಎಂದರು.

"ಎಲ್ಲಿಗೆ?"

"ಟೀಗೆ. ನಿನ್ನ ಯಜಮಾನ್ರಿಗೆ ಬೇಕಾದ್ದು ದನಿ ತಾನೇ? ಪೆಟ್ಟಿಗೆ ಕೊಡುತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ನಿಲ್ದಾಣದ ಹಿಂದೆ, ಬಸ್ಸು ರಿಪೇರಿಯ ಶೆಡ್ಡಿನ ಪಕ್ಕದಲ್ಲಿ ಒಂದು ಕ್ಯಾಂಟೀನು. ಹಿಂಬಾಗಿಲಿನಿಂದ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಗೆ ಮೈಕಕ್ಕನ ಜೀವ ಬಾಯಿಗೆ ಬಂದಿತ್ತು. ಗ್ಲಾಸು ಹಿಡಿದರೆ ಅರ್ಧ ಟೀ ಸೀರೆಯ ಪಾಲು. ಅಷ್ಟರಲ್ಲಿ ಮೇಲಿನ ಸ್ಪೀಕರಿನಲ್ಲಿ ಅವಳದೇ ದನಿ, ಸಾಮಾನು ಜೋಪಾನ ಎಂದಿತು. ಅವಳು ಗಬಕ್ಕನೆ ತನ್ನ ಕೈಚೀಲವನ್ನು ಎದೆಗವಚಿಕೊಂಡಳು! ಗ್ರೀಸು ಮೆತ್ತಿದ ಮೆಕ್ಯಾನಿಕ್ಕುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಕ್ಕಾ, ನೀವು ಹೇಳಿದ್ದನ್ನ ನೀವಾದ್ರೂ ಕೇಳ್ತೀರಲ್ಲ!" ಮೈಕಕ್ಕ ಉಳಿದರ್ಧ ಟೀಯನ್ನು ನಗುತ್ತಲೇ ಕುಡಿದಳು. ವಾಪಸು ಬಂದಾಗ ಕೋಣೆಯ ಫೋನು ತೆಪ್ಪಗೆ ಕೂತಿತ್ತು.

ಅಂದಿನಿಂದ ದಿನವೂ ಟೀ. ಸುಳ್ಳು ಹೇಳುತ್ತಿದ್ದೇನಲ್ಲ ಎಂದು ಅವಳಿಗೆ ಕಸಿವಿಸಿಯಾಗುತ್ತಿತ್ತು ಪಾಪ. ಒಂದು ಗ್ಲಾಸು ಟೀ ಕುಡಿಯಲು ಸುಳ್ಳು ಹೇಳಬೇಕಾಗಿ ಬಂದದ್ದಕ್ಕೆ ಯಾರಿಗೆ ಕಸಿವಿಸಿಯಾಗಬೇಕು, ನೀವೇ ಹೇಳಿ.

ಒಂದು ಮಧ್ಯಾಹ್ನ ಪಾಸಮ್ಮ ಟೀ ಕುಡಿಯುತ್ತ ಮೈಕಕ್ಕನ ಮುಖವನ್ನೇ ನೋಡಿದರು. ಆಮೇಲೆ ಕೇಳಿದರು, "ನಿನ್ನ ತಂಗೀಗೂ ಮೂಗು ಹೀಗೇನಾ, ತುದಿ ಮೇಲಕ್ಕೆ?"

"ಹೌದು. ಯಾಕಮ್ಮ?"

"ಬಟ್ಟೆ ಹೊಲಿಯೋ ಫ್ಯಾಕ್ಟರಿಗೆ ಹೋಗೋ ಒಬ್ಳಿಗೆ ತಿಂಗಳು ತಿಂಗಳು ಪಾಸು ಕೊಡ್ತೀನಿ. ದಿನಾ ಇಲ್ಲಿ ಬಸ್ಸು ಬದಲಾಯಿಸ್ತಾಳೆ. ಆದ್ರೆ ಬಂದ ಬಸ್ಸು ಹತ್ತಲ್ಲ. ಬೆಂಚಲ್ಲಿ ಕೂತು, ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಹೋಗ್ತಾಳೆ. ಯಾಕಮ್ಮಾ ಅಂತ ಇವತ್ತು ಕೇಳಿದೆ. 'ನಮ್ಮಕ್ಕನ ದನಿ ಕೇಳ್ತೀನಿ' ಅಂದ್ಲು."

ಮೈಕಕ್ಕ ಎದ್ದು ನಿಂತದ್ದು ಅವಳಿಗೇ ತಿಳಿಯಲಿಲ್ಲ. ಪಾಸಮ್ಮ ಬಾಗಿಲ ಕಡೆ ಕೈ ತೋರಿಸಿದರು. ಅಲ್ಲಿ ತಂಗಿ ನಿಂತಿದ್ದಳು, ತುಂಬಿದ ಬಸುರಿ. "ನಾನು ಬರೋದು ನಿನಗಿಷ್ಟ ಇಲ್ಲ ಅಂತ ಭಾವ ಹೇಳಿದ್ರು" ಎಂದು ತಂಗಿ, "ನಿಂಗೆ ನಾನು ಬೇಡ ಅಂತ ನನಗೆ ಹೇಳಿದ್ರು" ಎಂದು ಅಕ್ಕ. ಇಬ್ಬರೂ ಅಪ್ಪಿಕೊಳ್ಳಲು ಹೋದರೆ ನಡುವೆ ಹೊಟ್ಟೆ. ಅಳುತ್ತಿದ್ದವರು ಅದಕ್ಕೇ ನಕ್ಕರು. ಮೈಕಕ್ಕನಿಗೆ ಆ ಕ್ಷಣ ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಆದಷ್ಟು ಸಿಟ್ಟು ಹುಟ್ಟಿದಂದಿನಿಂದ ಆಗಿರಲಿಲ್ಲ.

ಹೆರಿಗೆ ಹತ್ತಿರವಿತ್ತು. ತಂಗಿಯ ಗಂಡ ಲಾರಿ ಡ್ರೈವರು, ದೂರದ ಲೋಡಿಗೆ ಹೋದವನು ಯಾವಾಗ ಬರುತ್ತಾನೋ. ಅತ್ತೆ ಮಾವ ಇಲ್ಲ. "ನೀನು ಬಂದು ಜೊತೆಗಿರ್ತೀಯಾ ಅಕ್ಕ? ಒಬ್ಳೇ ಆಸ್ಪತ್ರೆಗೆ ಹೋಗೋಕೆ ಭಯ" ಎಂದಳು ತಂಗಿ. ಪೆಟ್ಟಿಗೆ ಟೀ ಹೊತ್ತನ್ನೇನೋ ಸಂಭಾಳಿಸೀತು, ವಾರಗಟ್ಟಲೆ ಮನೆಯಲ್ಲಿಲ್ಲದ ಹೆಂಡತಿಯನ್ನು ಸಂಭಾಳಿಸೀತೇ? ಯಜಮಾನರಿಗೆ ಹೇಳಬೇಕು. ಹೇಳಬೇಕೆಂದುಕೊಂಡು ಮೈಕಕ್ಕ ದಿನವೂ ಮನೆಗೆ ಹೋದಳು, ದಿನವೂ ಹೇಳದೆ ಮಲಗಿದಳು. ತಂಗಿ ದಿನವೂ ಕ್ಯಾಂಟೀನಿಗೆ ಬಂದು ಮುಖ ನೋಡುತ್ತಿದ್ದಳು, ಕೇಳುತ್ತಿರಲಿಲ್ಲ.

ಕೊನೆಗೆ ಕೆಲಸ ಕೆಡಿಸಿದ್ದು, ಅಥವಾ ಮಾಡಿಕೊಟ್ಟದ್ದು, ಪೆಟ್ಟಿಗೆಯೇ. ಅಂದು ಮೂವರೂ ಟೀ ಕುಡಿಯುತ್ತಿದ್ದಾಗ ಅದು ಸಾಮಾನಿನ ಪ್ರಕಟಣೆಯಲ್ಲಿ ಸಿಕ್ಕಿಕೊಂಡಿತು. "ನಿಮ್ಮ ನಿಮ್ಮ ಸಾಮಾನು, ನಿಮ್ಮ ನಿಮ್ಮ ಸಾಮಾನು, ನಿಮ್ಮ ನಿಮ್ಮ..." ಯಜಮಾನರಿಗೆ ಮೊದಮೊದಲು ಸಮಾಧಾನವೇ ಆಯಿತಂತೆ, ಹೆಂಡತಿ ಇವತ್ತು ಚೆನ್ನಾಗಿ ಕೆಲಸ ಮಾಡುತ್ತಿದ್ದಾಳೆಂದು. ಕಣ್ಣು ತೋರಿಸಲು ಬಂದಿದ್ದ ಗಿರಾಕಿ "ನಿಮ್ಮ ಮನೆಯವ್ರಿಗೆ ಏನೋ ಆಗಿದೆ ಸ್ವಾಮಿ" ಎಂದಾಗ ರಸ್ತೆ ದಾಟಿ ಓಡಿ ಬಂದರು. ಕೋಣೆಯ ಬಾಗಿಲಲ್ಲಿ ನಿಂತು "ಸಾಕು, ನಿಲ್ಸು!" ಎಂದು ಖಾಲಿ ಕುರ್ಚಿಗೆ ಗದರಿದರು. ಕುರ್ಚಿ ಏನು ಮಾಡೀತು? ಪೆಟ್ಟಿಗೆ ಮಾತ್ರ ಅವರ ಮಾತಿಗೆ ಕವಡೆ ಕಿಮ್ಮತ್ತು ಕೊಡದೆ ಸಾಮಾನು ಸಾಮಾನು ಎನ್ನುತ್ತಿತ್ತು.

ಮೈಕಕ್ಕ ಓಡಿ ಬರುವಷ್ಟರಲ್ಲಿ ಬಾಗಿಲಲ್ಲಿ ಜನ ಸೇರಿದ್ದರು. ಪಾಸಮ್ಮ ಹಿಂದಿನಿಂದ ಬಂದು ಪೆಟ್ಟಿಗೆಯ ಪ್ಲಗ್ಗು ಕಿತ್ತರು. ಯಜಮಾನರು ತಗ್ಗಿದ ದನಿಯಲ್ಲಿ ಕೇಳಿದರು, "ಎಲ್ಲಿ ಹೋಗಿದ್ದೆ?" ಅವರ ದನಿ ತಗ್ಗಿದಷ್ಟೂ ಅವಳಿಗೆ ಭಯ ಹೆಚ್ಚು. ಹಿಂದೆಯೇ ಬಂದ ತಂಗಿಯನ್ನು ನೋಡಿ ಅವರು "ಓ, ಇವಳಾ" ಎಂದರು. "ಮನೆಗೆ ನಡಿ. ಅಲ್ಲಿ ಮಾತಾಡೋಣ."

ಮೈಕಕ್ಕ ತಂಗಿಯ ಕೈ ಹಿಡಿದುಕೊಂಡಳು. ಹಿಡಿದೇ ಹೇಳಿದಳು. "ಇಲ್ಲೇ ಮಾತಾಡೋಣ. ನಾನು ಟೀ ಕುಡಿಯೋಕೆ ಹೋಗಿದ್ದೆ. ದಿನಾ ಹೋಗ್ತೀನಿ. ನಿಮಗೆ ಹೇಳಲಿಲ್ಲ, ಅದು ನನ್ನ ತಪ್ಪು. ಇವಳಿಗೆ ನಾನು ಬೇಡ ಅಂತ ನನಗೆ ಯಾಕೆ ಹೇಳಿದ್ರಿ?"

"ನಿನ್ನ ಒಳ್ಳೇದಕ್ಕೇ..."

"ನನ್ನ ಫೋನ್ ಎಲ್ಲಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಯಜಮಾನರ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅಷ್ಟೂ ಜನ ಆ ಕೈಯನ್ನೇ ನೋಡಿದರು. ಮೈಕಕ್ಕ ಅಂಗೈ ಚಾಚಿದಳು. ಅವರು ಕೊಡಬೇಕಾಯಿತು.

"ಇವಳ ಹೆರಿಗೆ ಆಗೋವರೆಗೂ ನಾನು ಇವಳ ಮನೇಲಿರ್ತೀನಿ" ಎಂದಳು.

"ಹೋದ್ರೆ, ನಿನ್ನ ವಾಪಸ್ ಕರ್ಕೋಬೇಕಾ ಬೇಡ್ವಾ ಅಂತ ನಾನು ಯೋಚ್ನೆ ಮಾಡಬೇಕಾಗುತ್ತೆ."

"ಮಾಡಿ. ವಾಪಸ್ ಬರಬೇಕಾ ಬೇಡ್ವಾ ಅಂತ ನಾನೂ ಮಾಡ್ತೀನಿ."

ತಂಗಿಯ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ನು. ಮೊದಲ ದಿನಗಳಲ್ಲಿ ಮೈಕಕ್ಕ ಎಲ್ಲದಕ್ಕೂ ಅಪ್ಪಣೆ ಕೇಳುತ್ತಿದ್ದಳು. ಸ್ನಾನಕ್ಕೆ ಹೋಗಲಾ? ಕಿಟಕಿ ತೆಗೀಲಾ? ತಂಗಿ ಸೊಂಟದ ಮೇಲೆ ಕೈಯಿಟ್ಟು, "ಇನ್ನೊಂದ್ಸಲ ಕೇಳಿದ್ರೆ ಬೇಡ ಅಂದುಬಿಡ್ತೀನಿ ನೋಡು" ಎಂದಳು. ಕೇಳುವುದು ನಿಲ್ಲಲು ವಾರ ಹಿಡಿಯಿತು. ಯಜಮಾನರ ಫೋನು ದಿನವೂ ಬರುತ್ತಿತ್ತು. ಅಂಗೈ ಈಗಲೂ ಬೆವರುತ್ತಿತ್ತು. ಒಂದು ಸಂಜೆ ಅವರು "ನಾಳೆ ಬರ್ತೀಯೋ ಇಲ್ವೋ, ಒಂದೇ ಮಾತು ಹೇಳು" ಎಂದರು. "ಇಲ್ಲ" ಎಂದಳು ಮೈಕಕ್ಕ. ಅವರೇ ಕೇಳಿದ ಒಂದೇ ಮಾತು, ಕೊಟ್ಟಳು. ಹೇಳಿದ ಮೇಲೆ ತಂಗಿಯ ಪಕ್ಕ ಮುದುಡಿ ಮಲಗಿದಳು.

ಮರುದಿನ ಬೆಳಿಗ್ಗೆಯೇ ನೋವು ಶುರುವಾಯಿತು. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಅವಳು ಬೆಂಚಿನ ಮೇಲೆ ಕೂತಳು, ಎದ್ದಳು, ಕೂತಳು. ಒಳಗಿನಿಂದ ತಂಗಿ "ಅಕ್ಕಾ" ಎಂದು ಕೂಗಿದ್ದು ಕೇಳಿಸುತ್ತಿತ್ತು, ಒಳಗೆ ಬಿಡುತ್ತಿರಲಿಲ್ಲ. ಆಮೇಲೆ ಕೂಗು ನಿಂತಿತು. ಬಹಳ ಹೊತ್ತಿನ ಮೇಲೆ ಬಾಗಿಲು ಸ್ವಲ್ಪವೇ ತೆರೆದು ಒಬ್ಬ ನರ್ಸ್ ತಲೆ ಹೊರಗೆ ಹಾಕಿ, ಕಾರಿಡಾರಿನ ಆ ತುದಿ ಈ ತುದಿ ನೋಡಿದಳು.

"ಈ ಹುಡುಗಿಗೆ ತನ್ನವರು ಅಂತ ಯಾರಾದ್ರೂ ಇದ್ದೀರಾ?"

"ಇದ್ದೀನಿ! ನಾನಿದ್ದೀನಿ!"

ಅಷ್ಟುದ್ದದ ಕಾರಿಡಾರಿನಲ್ಲಿ ಅದು ಕೇಳಿಸದ ಕಿವಿಯಿರಲಿಲ್ಲ. ಆ ತುದಿಯಲ್ಲಿ ಔಷಧಿಗೆ ನಿಂತಿದ್ದವರೂ ತಿರುಗಿ ನೋಡಿದರು.

"ಮೆಲ್ಲಗಮ್ಮಾ, ಈಗಷ್ಟೇ ಹುಟ್ಟಿರೋ ಮಗು ಬೆಚ್ಚಿಬೀಳುತ್ತೆ" ಎಂದು ನರ್ಸ್ ನಕ್ಕು, ಬಾಗಿಲನ್ನು ಪೂರ್ತಿ ತೆರೆದಳು. "ಹೆಣ್ಣುಮಗು. ಇಬ್ರೂ ಚೆನ್ನಾಗಿದ್ದಾರೆ. ಬನ್ನಿ ಒಳಗೆ, ನಿಮ್ಮನ್ನೇ ಕೇಳ್ತಾ ಇದ್ದಾರೆ."